ಮೊದಲ ಪೆಟ್ಟು ಬಿಟ್ಟ ದಾವಲವ್ವ

ಬಾಳ ಹಿಂದಕ, ಎಷ್ಟು ಹಿಂದಕ ಅಂದ್ರ ನಮ್ಮ ಮುತ್ತಜ್ಜಿ ಇನ್ನಾ ತೊಟ್ಟಲದಾಗ ಕಾಲು ಬಡೀತಿದ್ದಾಗ, ಹಂಜಿಹಾಳ ಅನ್ನೋ ಒಂದೂರಾಗ ದಾವಲವ್ವ ಅಂತ ಒಬ್ಬಾಕಿ ಹಾಡುವಾಕಿ ಇದ್ಳಂತ. ಆ ಹಂಜಿಹಾಳ ದೂರಿಲ್ಲ. ಈಗ ನಾವು ಕುಂತೀವಲ್ಲ, ಇದ ಊರು.

ಕಾಶವ್ವಾ, ಮಾರಿ ಮ್ಯಾಲ ಎತ್ತವ್ವ. ಹೊಸಾ ಸೊಸಿ ಹಿಂಗ ಮಾರಿ ಸಣ್ಣದು ಮಾಡಿಕೊಂಡು ಕುಂದ್ರಬಾರದು. ನಿನ್ನ ಗಾದಿ ಹೊಲಿದು ಮುಗಿಸಿ, ಸುತ್ತ ಕುಂತು ನಾವೆಲ್ಲಾ ಹಾಡು ಎತ್ತಿದ್ವಿ. ನೀ ಪಾಪ ನಿಮ್ಮೂರ ರೂಢಿಯಂಗ ಮೊದಲ ಪೆಟ್ಟಿಗೇ ಚಪ್ಪಾಳಿ ಹೊಡದಿ. ನಮ್ಮ ಹೆಣ್ಣಮಕ್ಕಳು ಬಿದ್ದು ಬಿದ್ದು ನಕ್ಕರು. ನಗ್ಲಿ ಬಿಡು, ಇವಕ್ಕ ನಗಾಕ ಒಂದು ನೆವ ಬೇಕು. ಅಗದೀ ಜೋರಲೆ ನಕ್ಕಾಳಲ್ಲ ನಿನ್ನ ನೆಗೆಣ್ಣಿ, ಆಕೀನೂ ಬಂದ ವರ್ಷ ಹಿಂಗ ಹೊಡದಿದ್ಳು. ಆಕಿನ್ನ ಕೇಳು. ಅಲ್ಲ, ಕೇಳಬ್ಯಾಡ, ಸುಳ್ಳ ಹೇಳತಾಳ. ನಾನ ಹೇಳತೀನಿ, ಯಾಕ ಈ ಊರಾಗ ಮೊದಲ ಪೆಟ್ಟು ಬಡೀದ ಖಾಲಿ ಬಿಡ್ತಾರ ಅಂತ. ಏ ಹುಡುಗೂರ್ಯಾ, ಆ ಹೊಸಾ ಗಾದಿ ಮ್ಯಾಲ ಹಾರಬ್ಯಾಡ್ರಿ, ಕಾಲು ಮುರೀತೀನಿ! ಹಾಂ, ಕೇಳವ್ವ.

ದಾವಲವ್ವನ ಅಪ್ಪ ಲಾಡಸಾಬ. ಪಿಂಜಾರ ಲಾಡಸಾಬ. ಹತ್ತಿ ಹಿಂಜೋದು, ಗಾದಿ ದಿಂಬು ತುಂಬಿ ಹೊಲ್ಯೋದು ಅವನ ಕಾಯಕ. ಅವನ ಹತ್ರ ಒಂದು ಬಿಲ್ಲು ಇತ್ತಂತ. ಬಿಲ್ಲು ಅಂದ್ರ ಬಾಣಾ ಬಿಡೋದಲ್ಲವ್ವ, ಹತ್ತಿ ಹಿಂಜೋ ಬಿಲ್ಲು. ಆಳೆತ್ತರದ ಕಟಿಗಿ, ಅದಕ್ಕ ಕುರಿ ಕರುಳಿನ ನರ ಬಿಗದಿರತಾರ. ನರ ಹತ್ತ್ಯಾಗ ಇಟ್ಟು ಕಟಿಗಿ ಗುಂಡಿಲೆ ಬಡದ್ರ ಮೊದಲ ‘ಧಂಯ್’ ಅಂತೈತಿ, ಆಮ್ಯಾಲ ಹಿಂದಿಂದ ‘ಟುಂಕ್’ ಅಂತೈತಿ. ಧಂಯ್ ಅಂದಾಗ ನರ ಹತ್ತಿಯೊಳಗ ಹೊಕ್ಕು ಬಿಡಿಸತೈತಿ, ಹತ್ತಿ ಮ್ಯಾಲ ಹಾರತೈತಿ. ಟುಂಕ್ ಅಂದಾಗ ಹತ್ತಿ ಕೆಳಗ ಇಳೀತೈತಿ. ಧಂಯ್ ಟುಂಕ್, ಧಂಯ್ ಟುಂಕ್. ದಿನಾ ಪೂರ್ತಿ ಅದ. ಆ ಬಿಲ್ಲು ಒಂದ ಆ ಮನಿಗೆ ಅನ್ನ ಹಾಕೋದು. ಹೊಲ ಇಲ್ಲ, ಎತ್ತಿಲ್ಲ, ಬಿಲ್ಲು ಐತಿ. ಇದನ್ನ ನೆಪ್ಪಿನ್ಯಾಗ ಇಟಗೋ, ಮುಂದ ಇದರ ಮ್ಯಾಲ ಕತಿ ನಿಂತೈತಿ.

ಲಾಡಸಾಬ ಮನಿ ಮನಿ ಅಂಗಳಕ್ಕ ಹೋಗಿ ಹತ್ತಿ ಹಿಂಜತಿದ್ದ. ಮಗಳು ದಾವಲವ್ವ, ಇನ್ನಾ ಲಂಗಾ ತೊಟ್ಟ ಹುಡುಗಿ, ಅಪ್ಪನ ಎದುರಿಗೆ ಕುಂತು ಕಾಳು ಕಸಾ ಆರಸತಿದ್ಳು. ಆರಸ್ಕೋತ ಹಾಡತಿದ್ಳು. ಹುಟ್ಟಿದಾಗ ಅಳಲಿಲ್ಲಂತ ಆಕಿ, ಹಾಡಿದ್ಳಂತ. ಸೂಲಗಿತ್ತಿ ಹೆದರಿ ನಾಲ್ಕು ಹೆಜ್ಜಿ ಹಿಂದಕ ಸರದ್ಳಂತ. ಹೌದೋ ಅಲ್ಲೋ, ನಾ ಏನ ಅಲ್ಲೆ ಇದ್ದಿಲ್ಲ. ಹಂಗ ಅಂತಾರ.

ಹಾಡೋದೇನೋ ಹಾಡತಿದ್ಳು, ಆದ್ರ ಒಂದು ಫಜೀತಿ. ಹತ್ತಿ ಹಿಂಜುವಲ್ಲೆ ಬಾಯಿ ತೆರದ್ರ ಏನಾಗತೈತಿ? ಬಾಯಿ ತುಂಬ ಹತ್ತಿ! ಹುಡುಗಿ ಹಾಡಾಕ ಬಾಯಿ ತೆರೀತಿದ್ಳು, ಧಂಯ್ ಅನ್ನೂದಕ ಹತ್ತಿ ಗಂಟಲಿಗೆ ಹೋಗತಿತ್ತು, ಕೆಮ್ಮೇ ಕೆಮ್ಮು. ಒಮ್ಮೆ ಗೌಡರ ಮನ್ಯಾಗ ಒಣಾಕ ಹಾಕಿದ ಹಪ್ಪಳದ ಮ್ಯಾಲ ಹುಡುಗಿ ಸೀನಿದ್ದಕ್ಕ, ಗೌಡತಿ ಕಸಬರಗಿ ತಗೊಂಡು ಬಂದ್ಳಂತ. ಆಗ ಲಾಡಸಾಬ ಮಗಳನ್ನ ಹತ್ರ ಕರದು ಹೇಳಿದ್ನಂತ.

“ಮೊದಲಿಂದು ಬಿಡು ಯವ್ವಾ. ಅದು ಹತ್ತೀದು. ಬಾಯಿ ಮುಚಗೊಂಡು ಕೂಡು. ಎರಡನೇದು ನಿಂದು, ಆಗ ಬಾಯಿ ತೆರಿ.”

ಅಷ್ಟ ನೋಡು. ಹುಡುಗಿ ಅದನ್ನ ಹಿಡಕೊಂಡ್ಳು. ಧಂಯ್ ಅಂದಾಗ ತುಟಿ ಬಿಗದು ಮುಚ್ಚತಿದ್ಳು, ಟುಂಕ್ ಅಂದಾಗ ಹಾಡು ಹೊರಗ ಬಿಡತಿದ್ಳು. ಮುಚ್ಚಿ ತೆರದು, ಮುಚ್ಚಿ ತೆರದು, ಆಕಿ ಹಾಡಿಗೆ ಒಂದು ನಡಿಗಿ ಬಂತು. ಕೇಳಿದವರ ಕಾಲು ಸುಮ್ಮನಿರತಿದ್ದಿಲ್ಲಂತ. ಕುಂತಲ್ಲೆ ಹೆಗಲು ಕುಣೀತಿದ್ದುವಂತ. ಯಾಕ ಅಂತ ಯಾರಿಗೂ ಗೊತ್ತಿಲ್ಲ, ಆಕಿಗೂ ಗೊತ್ತಿಲ್ಲ. ಹತ್ತಿ ತಿನ್ನಬಾರದು ಅಂತ ಕಲ್ತಿದ್ದು ಅದು, ಸಂಗೀತ ಅಂತ ಕಲ್ತಿದ್ದಲ್ಲ.

ಮತ್ತ ಆಕಿ ಹಾಡು ಎಂಥಾವು ಅಂದಿ? ಅಂಗಳದಾಗ ಕುಂತ ಹೆಣ್ಣಮಕ್ಕಳು ತಮ್ಮ ತಮ್ಮ ಗೋಳು ಹೇಳಿಕೋತಿದ್ರಲ್ಲ, ಅತ್ತಿ ಹಿಂಗ ಅಂದ್ಳು, ಗಂಡ ಹಂಗ ಹೋದ, ತವರ ಮನ್ಯಾಗ ಕರಿಯಾಕ ಬರಲಿಲ್ಲ ಅಂತ, ಅದನ್ನೆಲ್ಲಾ ಕೇಳಿ ಅಲ್ಲೇ ಪದ ಕಟ್ಟತಿದ್ಳು. ಮಾತು ಅಳೂದು, ಪೆಟ್ಟು ಕುಣಿಯೂದು.

ರೊಟ್ಟಿ ಸುಟ್ಟಾವ ಅತ್ತಿ, ಮನಸ ಸುಟ್ಟಿಲ್ಲ,
ಹೊಗಿ ಕಣ್ಣಿಗೆ ಬಂತ, ನಾ ಅತ್ತಿಲ್ಲ.

ಇಷ್ಟ ಹಾಡಿದ್ಳಂದ್ರ ಸೊಸ್ತೇರು ಒಂದು ಕಣ್ಣಾಗ ಅತ್ತು ಇನ್ನೊಂದು ಕಣ್ಣಾಗ ನಗತಿದ್ರಂತ. ಅತ್ತೇರೂ ಹೆಗಲು ಕುಣಸತಿದ್ರಂತ, ತಮಗ ಅಂದಿದ್ದು ಅಂತ ಗೊತ್ತಾಗದ. ದುಃಖ ಹಗುರ ಆಗತಿತ್ತವ್ವ. ಹಿಂಜಿದ ಹತ್ತಿ ಹಗುರ ಆಗತೈತೆಲ್ಲ, ಹಂಗ.

ಆಮ್ಯಾಲ ಏನಾತು, ಹಂಜಿಹಾಳದಾಗ ಎಲ್ಲಾರ ಮನಿ ಗಾದೀನೂ ಕೆಟ್ಟುವು. ಕೆಟ್ಟಿದ್ದಿಲ್ಲ, ಕೆಡಿಸಿದ್ರು! ಚಲೋ ಇದ್ದ ದಿಂಬು ಬಿಚ್ಚಿ, “ಲಾಡಸಾಬಣ್ಣಾ, ಹತ್ತಿ ಗಡಚಾಗೈತಿ, ಬಾ ಮಾರಾಯಾ, ಮಗಳನ್ನೂ ಕರಕೊಂಡು ಬಾ” ಅಂತ ಹೇಳಿ ಕಳಸತಿದ್ರಂತ. ಓಣಿ ಕೊನ್ಯಾಗ ಒಬ್ಬಾಕಿ ಮುದುಕಿ, ತನ್ನ ದಿಂಬು ಹಿಂಜಿಸಿ ಹಿಂಜಿಸಿ, ಕಡೀಕ ಅದರಾಗ ಒಂದು ಹಿಡಿ ಹತ್ತಿ ಉಳೀತಂತ. ಕಲ್ಲಿನ ಮ್ಯಾಲ ತೆಲಿ ಇಟ್ಟು ಮಲಗತಿದ್ಳಂತ, ಆದ್ರೂ “ಹಾಡು ಕೇಳಿದ್ನೆಲ್ಲ, ಸಾಕು” ಅಂತಿದ್ಳಂತ. ಒದಿಯೋ ಎಮ್ಮಿ ಒದಿಯೋದು ಬಿಟ್ಟು ಹಾಲು ಕೊಡತಿತ್ತಂತ. ಇದಂತೂ ಸುಳ್ಳ ಇರಬೇಕು, ಎಮ್ಮಿ ಜಾತಿ ನನಗ ಗೊತ್ತೈತಿ. ಆದ್ರ ಅಂತಾರ.

ಹಿಂಗಿರಬೇಕಾದ್ರ ಆಕಿ ಹೆಸರು ಸಂಗಪ್ಪಜ್ಜನ ಕಿವಿಗೆ ಬಿತ್ತು. ಸಂಗಪ್ಪಜ್ಜ ಅಂದ್ರ ನಮ್ಮೂರ ಹಾಡಿಕಿ ಮ್ಯಾಳದ ಗುರು. ಜರಡಿಯಂಗ ದುಂಡಗ ಚರ್ಮ ಬಿಗದ ದಪ್ಪು, ಒಂದ ತಂತಿಯ ತುಂತುಣಿ, ತಾಳ ಹಿಡಕೊಂಡು ಊರೂರು ತಿರುಗಿ ಹಾಡೋ ಮ್ಯಾಳ. ಅಜ್ಜ ಬಂದ, ಅಂಗಳದಾಗ ಕುಂತ, ಹಾಡು ಕೇಳಿದ, ರುಮಾಲು ತೆಗೆದು ಕಣ್ಣು ಒರಸ್ಕೊಂಡ. “ಈ ಹುಡುಗೀನ ನನಗ ಕೊಡು, ಲಾಡ್ಯಾ. ನನ್ನ ಮ್ಯಾಳದಾಗ ಹಾಡ್ಲಿ” ಅಂದ್ನಂತ. ತಾಯಿ ಪೀರವ್ವ ಒಲಿ ಮುಂದಿಂದ ಎದ್ದು ಬಂದ್ಳು. ಆಕಿ ಬಾಯಿ ಅಂದ್ರ ಬಾಯಿ! “ಗಂಡಸರ ಮ್ಯಾಳದಾಗ ನನ್ನ ಮಗಳು? ಮೊದಲ ನಿನ್ನ ಮ್ಯಾಳದವರಿಗೆ ಸ್ನಾನಾ ಮಾಡಾಕ ಹೇಳು, ಆಮ್ಯಾಲ ಕೇಳು” ಅಂದ್ಳಂತ. ಜಗಳ ಆತು, ಚಾ ಆತು, ಮತ್ತ ಜಗಳ ಆತು. ಕಡೀಕ ಅಪ್ಪ ಜೋಡಿ ಹೋಗೋದಾದ್ರ ಹೋಗ್ಲಿ ಅಂತ ಪೀರವ್ವ ಒಪ್ಪಿದ್ಳು.

ಮ್ಯಾಳದಾಗ ಹಾಡಾಕ ನಿಂತ ಮೊದಲನೇ ದಿನಾನ ಮರ್ಯಾದಿ ಹೋತು. ದಪ್ಪು ಬಡಿಯಾವ ಮೊದಲ ಪೆಟ್ಟು ಜೋರಲೆ ಬಡದಾ, ಎಲ್ಲಾರೂ ಬಡಿಯೋದು ಹಂಗ ಅಲ್ಲೇನು? ದಾವಲವ್ವ ಬಾಯಿ ಮುಚಗೊಂಡು ನಿಂತ್ಳು. ಎರಡನೇದಕ್ಕ ಬಾಯಿ ತೆರದ್ಳು. ದಪ್ಪಿನಾಂವ ಗಾಬರಿಯಾಗಿ ಕೈ ತಡದಾ, ತುಂತುಣಿಯಾಂವ ಮುಂದ ಓಡಿದಾ, ತಾಳದಾಂವ ಆಕಾಶ ನೋಡಿದಾ. ಕೇಳಾಕ ಕುಂತ ಮಂದಿ “ತಾಳ ತಪ್ತು! ತಾಳ ತಪ್ತು!” ಅಂತ ಕೇಕಿ ಹಾಕಿದ್ರು. ಅವತ್ತಿನಿಂದ ಆಕಿಗೆ ತಾಳ ತಪ್ಪಿದ ದಾವಲವ್ವ ಅಂತ ಹೆಸರ ಬಿತ್ತಂತ.

ಸಂಗಪ್ಪಜ್ಜ ಒಳ್ಳೆಯಾಂವ. ಬೈಲಿಲ್ಲ. ಕುಂದರಿಸಿ ತಿದ್ದಿದ. ಮೊದಲ ಪೆಟ್ಟಿಗೆ ಕಾಲು ಬಡಿ, ಮೊದಲ ಪೆಟ್ಟಿಗೆ ಬಾಯಿ ತೆರಿ. ಹುಡುಗಿ ಕಲೀತು. ಜಾಣಿ ಅಲ್ಲೇನು ಆಕಿ, ಸುಗ್ಗಿ ಮುಗಿಯೂದ್ರಾಗ ಎಲ್ಲಾರಂಗ ಹಾಡಾಕ ಕಲೀತು. ಯಾರೂ ಕೇಕಿ ಹಾಕಲಿಲ್ಲ. ಆದ್ರ ಯಾರ ಹೆಗಲೂ ಕುಣೀಲಿಲ್ಲ. ಮಂದಿ ಹಾಡು ಕೇಳಿಕೋತ ಎಲಿ ಅಡಿಕಿ ಹಾಕ್ಕೊಂಡು ಎತ್ತಿನ ಮಾತು ಆಡತಿದ್ರಂತ. ತಿದ್ದಿದ ಅಜ್ಜಗೂ ಗೊತ್ತಾತು ಏನೋ ಹೋತು ಅಂತ. ಏನು ಹೋತು ಅಂತ ಮಾತ್ರ ಗೊತ್ತಾಗಲಿಲ್ಲ. ದಾವಲವ್ವ ಮನಿಗೆ ಬಂದು ಅವ್ವನ ತೊಡಿ ಮ್ಯಾಲ ತೆಲಿ ಇಟ್ಟು ಅತ್ತಳಂತ. “ನನ್ನ ಹಾಡಿನ್ಯಾಗ ಉಪ್ಪು ಇಲ್ಲ ಯವ್ವಾ” ಅಂದ್ಳಂತ.

ಈಗ ಗಿರಿಮಲ್ಲಪ್ಪ ಬರ್ತಾನ. ಗಿರಿಮಲ್ಲಪ್ಪ ಹೊಳಿ ಆಚಿಯಾಂವ, ಸವಾಲಿನ ಹಾಡಿಗೆ ಎತ್ತಿದ ಕೈ. ಮೀಸಿ ಅಂದ್ರ ಮೀಸಿ, ಅದರ ಮ್ಯಾಲ ಲಿಂಬಿಕಾಯಿ ನಿಲ್ಲತಿತ್ತಂತ. ಆಗಿನ ಕಾಲಕ್ಕ ಸವಾಲು ಜವಾಬು ಹಾಡತಿದ್ರವ್ವ. ಒಬ್ಬರು ಹಾಡಿನ್ಯಾಗ ಪ್ರಶ್ನಿ ಒಗೀಬೇಕು, ಇನ್ನೊಬ್ಬರು ಹಾಡಿನ್ಯಾಗ ಉತ್ತರ ಕೊಡಬೇಕು. ಮೊದಲ ಇಬ್ಬರೂ ತಮ್ಮ ತಮ್ಮ ವಾದ್ಯ ನಡುವ ಇಟ್ಟು ಕೈ ಮುಗದು, ಆಮ್ಯಾಲ ಅದನ್ನ ಎತ್ತಿ ಬಾರಿಸಬೇಕು. ಸೋತವರ ವಾದ್ಯ ಗೆದ್ದವರಿಗೆ. ಉತ್ತರ ಬರಲಿಲ್ಲಂದ್ರ ಸೋತಂಗ. ಇನ್ನೊಂದು, ನಿನ್ನ ಕೈ ನಿನ್ನ ತಾಳ ಬಿಟ್ಟು ಎದುರಿನವರ ತಾಳಕ್ಕ ಬಿತ್ತಂದ್ರೂ ಸೋತಂಗ. ಹಿಂಗ ಗೆದ್ದು ಗೆದ್ದು ಗಿರಿಮಲ್ಲಪ್ಪನ ಮನಿ ಗ್ವಾಡಿ ತುಂಬ ಮಂದಿ ದಪ್ಪು ಜೋತಾಡತಿದ್ದುವಂತ. ಆಗಷ್ಟ ಸೋತು ಬಂದಿದ್ದ ನಮ್ಮ ಸಂಗಪ್ಪಜ್ಜನ ದಪ್ಪೂ ಅಲ್ಲೇ ಜೋತಬಿದ್ದಿತ್ತು.

ಆ ವರ್ಷ ಹತ್ತಿ ಪ್ಯಾಟ್ಯಾಗ ಹಾಡಿಕಿ ಇಟ್ಟರು. ಹತ್ತಿ ಮಾರಿ ಮುಗದಿತ್ತು, ಮಂದಿ ಖುಷಿ ಇದ್ರು, ಹಾಡು ಬೇಕಾಗಿತ್ತು. ಮಟಮಟ ಮಧ್ಯಾಹ್ನ, ಅಂಗಳದ ತುಂಬ ಹತ್ತಿ ತುಂಬಿದ ಅಂಡಿಗಿ, ಒಂದೊಂದು ಚೀಲ ಒಂದೊಂದು ಗುಡಿಸಲಿನಷ್ಟು. ಮಂದಿ ಅದರ ಮ್ಯಾಲ ಹತ್ತಿ ಕುಂತಿದ್ರು. ಗಿರಿಮಲ್ಲಪ್ಪ ನಡುವ ಬಂದು, ದಪ್ಪು ಇಟ್ಟು, ಮೀಸಿ ತಿರುವಿ, “ಹಂಜಿಹಾಳದವರು ಯಾರರೆ ಅದಾರೇನು? ತಾಳ ತಪ್ಪಿದವರೂ ನಡೀತೈತಿ” ಅಂದ್ನಂತ. ಮಂದಿ ನಕ್ಕರು. ಸಂಗಪ್ಪಜ್ಜ ತೆಲಿ ಬಗ್ಗಿಸಿದ. ಇಡಾಕ ಅವನ ಕಡೆ ದಪ್ಪು ಎಲ್ಲೈತಿ? ವಾದ್ಯ ಇಡದ ಹಾಡಂಗಿಲ್ಲ.

ಆಗ ಅಂಡಿಗಿ ಹಿಂದಿನಿಂದ ಲಾಡಸಾಬ ಎದ್ದು ಬಂದ. ಪ್ಯಾಟ್ಯಾಗ ಹತ್ತಿ ಹಿಂಜಾಕ ಬಂದಾಂವ, ಮೈ ತುಂಬ ಹತ್ತಿ ಮೆತಗೊಂಡು ಬೆಳ್ಳಗ ಆಗಿದ್ದ. ಬಿಲ್ಲು ತಂದು ನಡುವ ಇಟ್ಟ.

ಎಲ್ಲಾರಿಗೂ ಗೊತ್ತು, ಆ ಬಿಲ್ಲು ಹೋದ್ರ ಆ ಮನ್ಯಾಗ ಒಲಿ ಹತ್ತಂಗಿಲ್ಲ. ಪೀರವ್ವ ಮಂದೀನ ಸೀಳಿಕೊಂಡು ಬಂದ್ಳು. “ಏನ್ರೀ, ನಿಮಗ ಹುಚ್ಚು ಹಿಡದೈತೇನು? ಅದು ಹೋದ್ರ ನಾಳೆ ಏನ ಕುದಸ್ಲಿ, ನಿಮ್ಮ ಗಡ್ಡಾ ಕುದಸ್ಲೇನು?” ಅಂತ ಒದರಿದ್ಳಂತ. ದಾವಲವ್ವನೂ ಅಪ್ಪನ ಕೈ ಹಿಡಿದು “ಬ್ಯಾಡ ಯಪ್ಪಾ, ನನಗ ಹಾಡು ಬ್ಯಾಡ, ಮನಿಗೆ ನಡಿ” ಅಂದ್ಳಂತ. ಲಾಡಸಾಬ ನಕ್ಕನಂತ. “ನಿನ್ನ ಹಾಡು ಹುಟ್ಟಿದ್ದು ಇದರ ಮುಂದ. ಹೋದ್ರ ಎರಡೂ ಕೂಡಿ ಹೋಗ್ಲಿ, ಉಳದ್ರ ಎರಡೂ ಕೂಡಿ ಉಳೀಲಿ” ಅಂದ. ಹಾಡಿಕಿ ಶುರು ಆತು.

ಗಿರಿಮಲ್ಲಪ್ಪ ಹಾಡಿದ ನೋಡು. ದಪ್ಪು ಗುಡುಗಿತು. ಅವನ ಮೊದಲ ಪೆಟ್ಟಿಗೆ ಗುಬ್ಬಿ ಹಾರಿ ಹೋದುವಂತ. ಸುಳ್ಳ ಯಾಕ ಹೇಳಬೇಕು, ಚಲೋ ಹಾಡಿದ ಅಂವ. ವೈರಿ ಆದ್ರೇನು, ಚಲೋ ಇದ್ದದ್ದು ಚಲೋ ಅನಬೇಕು.

ಈಗ ನಮ್ಮವರ ಪಾಳಿ. ಲಾಡಸಾಬ ಬಿಲ್ಲು ಹೆಗಲಿಗೆ ಏರಿಸಿದ. ಹತ್ತಿ ಇಲ್ಲದ ಬಿಲ್ಲು ಬಡದ್ರ ನರ ಹರೀತೈತಿ ಅಂತ, ಒಂದು ಮಡಿಲು ಹತ್ತಿ ಮುಂದ ಹರವಿಕೊಂಡ. ಧಂಯ್ ಅನಿಸಿದ. ದಾವಲವ್ವ ಮುಂದ ಬಂದು ನಿಂತ್ಳು. ತಾಳ ತಪ್ಪಬಾರದು, ಬಿಲ್ಲು ಹೋಗಬಾರದು, ಗುರು ಕಲಿಸಿದ್ದು ಮರೀಬಾರದು ಅಂತ ಮೊದಲ ಪೆಟ್ಟಿಗೇ ಬಾಯಿ ತೆರದ್ಳು. ಹಾರಿದ ಹತ್ತಿ ಹೋಗಿ ನೆಟ್ಟಗ ಬಾಯಾಗ! ಕೆಮ್ಮಿದ್ಳು. ಸೀನಿದ್ಳು. ಕಣ್ಣಾಗ ನೀರು ಬಂತು. ಮಂದಿ ಅಂಡಿಗಿ ಮ್ಯಾಲ ಉಳ್ಳಾಡಿ ನಕ್ಕರು. ಗಿರಿಮಲ್ಲಪ್ಪ ಬಿಲ್ಲು ನೋಡಿ, “ಇದನ್ನ ಗ್ವಾಡಿ ಮ್ಯಾಲ ಎಲ್ಲಿ ಹಾಕ್ಲಿ? ಬಾಳ ಉದ್ದ ಐತಿ” ಅಂದ್ನಂತ.

ಲಾಡಸಾಬ ಬಗ್ಗಿ ಮಗಳ ಕಿವ್ಯಾಗ ಹೇಳಿದ. ಸಣ್ಣಾಕಿ ಇದ್ದಾಗ ಹೇಳಿದ್ದ ಮಾತು, ಹೊಸಾದೇನಲ್ಲ.

“ಮೊದಲಿಂದು ಬಿಡು ಯವ್ವಾ. ಅದು ಹತ್ತೀದು.”

ಧಂಯ್. ತುಟಿ ಮುಚ್ಚಿದ್ಳು. ಟುಂಕ್. ಹಾಡು ಬಿಟ್ಟಳು.

ಏನ ಬಿಟ್ಟಳವ್ವ! ಕಾಲಕಾಲದ ಎಲ್ಲಾ ಅಂಗಳದ ಗೋಳು, ಎಲ್ಲಾ ಸುಟ್ಟ ರೊಟ್ಟಿ, ಎಲ್ಲಾ ತವರಿನ ದಾರಿ ಆ ದನ್ಯಾಗ ಬಂತಂತ. ಅಂಡಿಗಿ ಮ್ಯಾಲಿನ ಮಂದಿ ನಗೋದು ನಿಲ್ಲಿಸಿದ್ರು. ಒಬ್ಬನ ಹೆಗಲು ಕುಣೀತು. ಇನ್ನೊಬ್ಬನ ಮಣಕಾಲು ಕುಣೀತು. ಯಾರೋ ಒಬ್ಬ ಕುಂತ ಚೀಲದ ಮ್ಯಾಲ ಅಂಗೈಲೆ ಬಡದಾ, ಎರಡನೇ ಪೆಟ್ಟಿಗೆ. ಬಾಜೂದಾಂವ ಬಡದಾ. ಆಮ್ಯಾಲ ಇಡೀ ಅಂಗಳ. ಬಿಲ್ಲು ಧಂಯ್ ಅನ್ನೋದು, ಸಾವಿರ ಅಂಗೈ ಟಪ್ ಅನ್ನೋದು. ಹತ್ತಿ ಚೀಲ ಬಡದ್ರ ಹೆಂಗ ಸಪ್ಪಳಾಗತೈತಿ ಗೊತ್ತಲ್ಲ, ಮೆತ್ತಗ, ದಪ್ಪಗ. ಪೀರವ್ವನೂ ಬಡದ್ಳು. ಆಕಿ ಬಡದಿದ್ದು ಗಂಡನ ಬೆನ್ನಿಗೆ ಅಂತಾರ, ಇರಬಹುದು.

ಗಿರಿಮಲ್ಲಪ್ಪಗ ಭೂಮಿ ಸರದಂಗಾತು. ಎದ್ದು ನಿಂತು ಸವಾಲು ಒಗದಾ. ಬೇಕಂತ, ಆಕಿ ಮರ್ಮಕ್ಕ ಮುಟ್ಟೂವಂಗ ಒಗದಾ.

ಎಲ್ಲಿ ಹೋತ ಹೇಳ ನಿನ್ನ ಮೊದಲಿನ ಪೆಟ್ಟ,
ಯಾರ ಒಯ್ದಾರ ಹೇಳ, ಎಲ್ಲಿಟ್ಟಿ ಬಚ್ಚಿಟ್ಟ?

ಸಂಗಪ್ಪಜ್ಜ ಹಣಿ ಹಿಡಕೊಂಡು ಕುಂತ. ಇದಕ್ಕ ಯಾವ ಗುರು ಕಲಿಸಿದ ಉತ್ತರಾನೂ ಇಲ್ಲ. ಪುರಾಣದಾಗ ಇಲ್ಲ, ಪದದಾಗ ಇಲ್ಲ. ದಾವಲವ್ವ ಸುತ್ತ ನೋಡಿದ್ಳು. ಕುಂತವರನ್ನ ನೋಡಿದ್ಳು. ಆ ಗೌಡತಿ, ಕಲ್ಲಿನ ಮ್ಯಾಲ ಮಲಗೋ ಆ ಮುದುಕಿ, ಪ್ಯಾಟಿ ಸಾವಕಾರ, ಹೊಳಿ ಆಚಿ ಮಂದಿ. ಎಲ್ಲಾರ ಮನಿ ಗಾದೀನೂ ಅಪ್ಪ ಹಿಂಜಿದ್ದ. ಗಿರಿಮಲ್ಲಪ್ಪನ ಮಗಳ ಲಗ್ನದ ಗಾದೀನೂ ಅವನ ಹಿಂಜಿದ್ದ. ಆಕೀಗೆ ನಗು ಬಂತಂತ. ಧಂಯ್ ಅನ್ನೂತನಾ ತಡದು, ಹಾಡಿದ್ಳು.

ಕಳದಿಲ್ಲ ಒಯ್ದಿಲ್ಲ, ನನ್ನ ಪೆಟ್ಟ ಐತಣ್ಣ,
ನೀ ಮಲಗೊ ಗಾದ್ಯಾಗ ಬೆಚ್ಚಗ ಐತಣ್ಣ.
ಅಪ್ಪ ಬಡದ ಪೆಟ್ಟ ಹತ್ತ್ಯಾಗ ಕುಂತೈತಿ,
ಕಿವಿ ಇಟ್ಟು ಕೇಳಣ್ಣ, ದಿಂಬಿನಾಗ ಮಾತಾಡತೈತಿ.

ಮಂದಿ ಹೋ ಅಂದ್ರು. ರುಮಾಲು ಹಾರಿದ್ವು, ಹತ್ತಿ ಹಾರಿತು. ಅಂಡಿಗಿ ಮ್ಯಾಲಿಂದ ಒಬ್ಬ ಕೆಳಗ ಬಿದ್ದನಂತ, ಹತ್ತಿ ಮ್ಯಾಲ ಬಿದ್ದಾ, ಏನೂ ಆಗಲಿಲ್ಲ, ಬಿದ್ದಲ್ಲೇ ಚೀಲ ಬಡದಾ. ಗಿರಿಮಲ್ಲಪ್ಪ ಜವಾಬು ಕೊಡಾಕ ಬಾಯಿ ತೆರದಾ, ದಪ್ಪು ಎತ್ತಿದಾ, ಬಡದಾ. ಬಡದು ತನ್ನ ಕೈ ತಾನ ನೋಡಿಕೊಂಡಾ.

ಕೈ ಎರಡನೇ ಪೆಟ್ಟಿಗೆ ಬಿದ್ದಿತ್ತು.

ಎಲ್ಲಾರೂ ನೋಡಿದ್ರು. ಆದ್ರ ಯಾರೂ ಅನ್ನೂಕಿಂತ ಮೊದಲ ಅಂವ ಅಂದಾ. ಅದಕ್ಕ ಅವನ ಹೆಸರೂ ಇವತ್ತಿಗೂ ಚಲೋ ಉಳದೈತಿ. “ನಾ ಸೋತೆ. ನನ್ನ ಕೈ ನನ್ನ ಮಾತು ಕೇಳವಲ್ದು ತಂಗಿ, ನಿನ್ನ ಮಾತು ಕೇಳತೈತಿ” ಅಂತ ದಪ್ಪು ಆಕಿ ಮುಂದ ಇಟ್ಟ. ಮೀಸೀನೂ ತಾನ ಇಳಿಸಿದ. ಬಿಲ್ಲು ಉಳೀತು. ಪೀರವ್ವ ಬಿಲ್ಲು ಅಪ್ಪಿಕೊಂಡು ಅತ್ತಳಂತ, ಗಂಡನ್ನ ಅಪ್ಪಿಕೊಂಡ್ಳೋ ಇಲ್ಲೋ ಗೊತ್ತಿಲ್ಲ.

ಗೆದ್ದ ದಪ್ಪು ಮನಿಗೆ ಬಂತು. ಗ್ವಾಡಿಗೆ ಹಾಕಾಕ ಲಾಡಸಾಬಗ ಮನಸಿಲ್ಲ. ಪೀರವ್ವ ಅದರಾಗ ಶೇಂಗಾ ಹಾಕಿ ಕೇರಾಕ ಶುರು ಮಾಡಿದ್ಳು! ಗಿರಿಮಲ್ಲಪ್ಪ ಒಮ್ಮೆ ದಾರಿಲೆ ಹೋಗುವಾಗ ಅದನ್ನ ನೋಡಿ ಮೊದಲ ಸಿಟ್ಟಾದ್ನಂತ, ಆಮ್ಯಾಲ ನಕ್ಕನಂತ, ಆಮ್ಯಾಲ ಕುಂತು ತನ್ನ ದಪ್ಪಿನ್ಯಾಗಿಂದ ತಾನ ಶೇಂಗಾ ತಿಂದು, ಮುಂದಿನ ಸುಗ್ಗಿಯಿಂದ ಆಕಿ ಬಾಜೂಕ ನಿಂತು ಎರಡನೇ ಪೆಟ್ಟು ಬಡಿಯಾಕ ಹತ್ತಿದ್ನಂತ. ಗ್ವಾಡಿ ಮ್ಯಾಲಿನ ದಪ್ಪು ಎಲ್ಲಾ ಅವರವರಿಗೆ ತಿರುಗಿ ಕೊಟ್ಟನಂತ. ಸಂಗಪ್ಪಜ್ಜ ತನ್ನ ದಪ್ಪು ತಗೊಂಡು ದಾವಲವ್ವನ ಮುಂದ ಕುಂತು, “ಈಗ ನೀ ನನಗ ಕಲಿಸು” ಅಂದ್ನಂತ. ಕಲಿಯಾಕ ಅವನಿಗೆ ಬಾಳ ತ್ರಾಸಾತಂತ. ವಯಸ್ಸಾಗಿತ್ತು, ಪಾಪ.

ಆಮ್ಯಾಲ ಆಕಿ ಹೋಗದ ಊರಿಲ್ಲ. ಬಂಡಿ ಕಟಗೊಂಡು ಹೋಗತಿದ್ರು, ಬಂಡ್ಯಾಗ ಒಂದು ಹತ್ತಿ ಚೀಲ, ಒಂದು ಬಿಲ್ಲು, ಒಂದು ಮ್ಯಾಳ. ಎಲ್ಲಿ ಹೋದ್ರೂ ತಾಳ ತಪ್ಪಿದ ದಾವಲವ್ವ ಬಂದ್ಳು ಅಂತ ಮಂದಿ ಓಡಿ ಬರತಿದ್ರು. ಬೈಗುಳ ಇದ್ದದ್ದು ಬಿರುದು ಆತು. ಹಾಡು ಮುಗದ ಮ್ಯಾಲ ಲಾಡಸಾಬ ಅದೇ ಊರಾಗ ಗಾದಿ ಹಿಂಜತಿದ್ದ. ಎಷ್ಟು ಹೆಸರು ಬಂದ್ರೂ ಅಂವ ಕಾಯಕ ಬಿಡಲಿಲ್ಲ. “ಹಾಡು ಕೇಳಿದವರು ಮಲಗಬೇಕಲ್ಲ” ಅಂತಿದ್ದನಂತ.

ಇನ್ನ ಒಂದು ಮಾತು ಐತಿ. ಹೇಳಬೇಕೋ ಬ್ಯಾಡೋ ಅಂತ ಪ್ರತಿ ಸಲಾನೂ ಅನಸ್ತೈತಿ. ಹೇಳೇ ಬಿಡತೀನಿ. ಲಾಡಸಾಬ ಹಣ್ಣಾಗಿ, ಉಂಡು ತಿಂದು, ಮೊಮ್ಮಕ್ಕಳನ್ನ ಆಡಿಸಿ, ಒಂದಿನ ತಾನ ಹಿಂಜಿದ ಗಾದಿ ಮ್ಯಾಲ ಕಣ್ಣು ಮುಚ್ಚಿದ. ಆ ವರ್ಷದ ಸುಗ್ಗಿಗೆ ಮಂದಿ ದಾವಲವ್ವ ಹಾಡಂಗಿಲ್ಲ ಅಂತ ತಿಳಕೊಂಡಿದ್ರು. ಆಕಿ ಬಂದ್ಳು. ಬಿಲ್ಲು ತಂದು ನಡುವ ನೆಲದ ಮ್ಯಾಲ ಇಟ್ಟಳು. ಗಿರಿಮಲ್ಲಪ್ಪ “ನಾ ಬಡೀಲೇನು ತಂಗಿ?” ಅಂದಾ. ಆಕಿ ತೆಲಿ ಅಲ್ಲಾಡಿಸಿ, “ಬ್ಯಾಡಣ್ಣಾ, ಅದು ಅವನದು” ಅಂದ್ಳು.

ತುಟಿ ಮುಚ್ಚಿದ್ಳು. ಯಾರೂ ಬಡೀಲಿಲ್ಲ. ಯಾವ ಸಪ್ಪಳಾನೂ ಇಲ್ಲ. ಆಮ್ಯಾಲ ಸಾವಿರ ಅಂಗೈ ಟಪ್ ಅಂದ್ವು, ಎರಡನೇದಕ್ಕ. ಮತ್ತ ಖಾಲಿ. ಮತ್ತ ಟಪ್. ಆ ಖಾಲ್ಯಾಗ ಎಲ್ಲಾರಿಗೂ ಧಂಯ್ ಅನ್ನೋದು ಕೇಳಸ್ತಂತ. ಮುದುಕರಿಗೆ ಕೇಳಸ್ತು, ಕೂಸಿಗೆ ಕೇಳಸ್ತು. ಇದು ಸುಳ್ಳಲ್ಲವ್ವ. ಎಮ್ಮಿ ಕತಿ ಸುಳ್ಳಿರಬಹುದು, ಇದು ಸುಳ್ಳಲ್ಲ.

ಅವತ್ತಿನಿಂದ ನಮ್ಮೂರಾಗ ಮೊದಲ ಪೆಟ್ಟು ಯಾರೂ ಬಡಿಯಂಗಿಲ್ಲ. ಬೀಸೋ ಪದಕ್ಕ, ಜೋಗುಳಕ್ಕ, ಕೂಸು ತೊಟ್ಟಲಕ್ಕ ಹಾಕೋ ಹಾಡಿಗೆ, ಲಗ್ನದ ಹಾಡಿಗೆ, ಎಲ್ಲಾದಕ್ಕೂ ಮೊದಲಿಂದು ಖಾಲಿ ಬಿಟ್ಟು ಎರಡನೇದಕ್ಕ ಚಪ್ಪಾಳಿ. ಸುತ್ತಿನ ಊರವರು ನಮಗ ತಾಳ ತಪ್ಪಿದ ಊರವರು ಅಂತಾರ. ಅನ್ಲಿ. ನಾವು ಜಗಳಕ್ಕ ಹೋಗಂಗಿಲ್ಲ. ಸ್ವಲ್ಪ ಹೋಗತೀವಿ, ಬಾಳ ಹೋಗಂಗಿಲ್ಲ. ಮತ್ತ ಹೊಸಾ ಸೊಸಿ ಬಂದಾಗ, ಆಕಿ ಗಾದಿ ದಿಂಬು ಹೊಲದು ಮುಗದ ಮ್ಯಾಲ, ಗಂಡ ಅದರ ಮ್ಯಾಲ ಕುಂದ್ರೂಕಿಂತ ಮೊದಲ, ಅತ್ತಿ ಕುಂದ್ರೂಕಿಂತ ಮೊದಲ, ಆಕಿನ್ನ ಕರದು ಹೊಸಾ ದಿಂಬಿನ ಮ್ಯಾಲ ಕಿವಿ ಇಡಸ್ತೀವಿ. ತವರ ಬಿಟ್ಟು ಬಂದ ಹುಡುಗಿ, ಮನಸ್ಸು ಗಡಚಾಗಿರತೈತಿ. ಅದಕ್ಕ.

ಬಾ ಕಾಶವ್ವಾ, ಹತ್ರ ಬಾ. ಏ, ನಗೋದು ಸಾಕು ಮಾಡ್ರಿ, ಒಂದೀಟು ಸುಮ್ಮನ ಕುಂದರ್ರಿ ಎಲ್ಲಾರೂ. ಇಲ್ಲಿ ಮಲಗು. ಹಿಂಗ, ಬಲಗಿವಿ ಒತ್ತಿ ಇಡು ದಿಂಬಿಗೆ. ಕಣ್ಣು ಮುಚ್ಚು.

ಕೇಳಸ್ತೇನು? ಧಂಯ್, ಧಂಯ್ ಅಂತ, ಒಳಗ?

ಏನಂದಿ? ನಿನ್ನ ಎದಿ ಸಪ್ಪಳ ಅದು ಅಂದೇನು? ಅಯ್ಯ ಹುಚ್ಚಿ, ಇದ್ರೂ ಇರಲಿ. ನಮ್ಮ ದಿಂಬಿನ್ಯಾಗ ಕೇಳಸ್ತಂದ್ರ ನೀ ನಮ್ಮಾಕಿ ಆದಿ. ಏಳು, ಕಣ್ಣು ಒರಸ್ಕೊ. ಇನ್ನೊಮ್ಮೆ ಹಾಡು ಎತ್ತತೀವಿ, ಕೈ ಎತ್ತಿ ಹಿಡಿ. ಮೊದಲಿಂದು ಬಿಡು ಯವ್ವಾ.

ಹಾಂ, ಈಗ ಹೊಡಿ!